ಕೊಸರಿಲ್ಲದ ಲೆಕ್ಕ

ಗಂಗಾಂಬಿಕಾ ಹಾಕಿದ ಲೆಕ್ಕದ ಉತ್ತರ, ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಒಂದರಲ್ಲೂ ಇರುತ್ತಿರಲಿಲ್ಲ. ಲೆಕ್ಕ ತಪ್ಪುವವರು ಕೂಡ ಸಾಮಾನ್ಯವಾಗಿ ನಾಲ್ಕರಲ್ಲಿ ಯಾವುದೋ ಒಂದಕ್ಕೆ ಬಂದು ಬೀಳುತ್ತಾರೆ. ಪ್ರಶ್ನೆ ಬರೆಯುವವರು ಅಂಥವರಿಗಾಗಿಯೇ ಮೂರು ಗುಂಡಿ ತೋಡಿಟ್ಟಿರುತ್ತಾರೆ. ಈಕೆ ಮಾತ್ರ ಆ ಮೂರನ್ನೂ ಜಿಗಿದು ದಾಟಿ, ತಾನೇ ತೋಡಿದ ಬಾವಿಗೆ ಬೀಳುತ್ತಿದ್ದಳು.

ಬನವಾಸಿ ರಸ್ತೆಯ ಬದಿಗೆ ಆಕೆಯ ಅನಾನಸ್ ಅಂಗಡಿ. ಅಂಗಡಿ ಹಾಕಿದ್ದು ಅತ್ತೆ ಅನ್ನಪೂರ್ಣವ್ವ. ಗಂಡ ಚನ್ನಬಸವ ಗೂಡ್ಸ್ ಗಾಡಿ ಹೊಡೆಯುವವ, ಹೆಂಡತಿ ಏನು ಹೇಳಿದರೂ ‘ಆತು ಬಿಡು’ ಎನ್ನುವ ಸಾಧು ಪ್ರಾಣಿ. ಮದುವೆಯಾದಾಗ ಗಂಗಾಂಬಿಕಾ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಉಳಿದದ್ದನ್ನು ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲೇ ಓದಿ, ಪರೀಕ್ಷೆಗಷ್ಟೇ ಹೋಗಿ ಮುಗಿಸಿದಳು. ಕೈಗೆ ಡಿಗ್ರಿ ಬಂತು, ಆದರೆ ಆಸೆ ತೀರಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತು, ಹಾಜರಿ ಕರೆದಾಗ ಎದ್ದು ನಿಂತು ‘ಎಸ್ ಸರ್’ ಎನ್ನಬೇಕು, ಪಾಠ ಕೇಳಬೇಕು. ಶಿರಸಿಯ ಕಾಲೇಜೊಂದರಲ್ಲಿ ಎಂ.ಬಿ.ಎ. ಶುರುವಾಗುತ್ತದೆ ಎಂದು ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ವಿಷಯ ಎತ್ತಿದಳು. ಹಣ್ಣು ಮಾರುವುದಕ್ಕೆ ಎಂ.ಬಿ.ಎ. ಯಾಕೆ ಎಂದು ಓಣಿಯವರು ನಕ್ಕರು. ಗಂಗಾಂಬಿಕಾಗೆ ಸಿಟ್ಟೇನೂ ಬರಲಿಲ್ಲ. ಹಣ್ಣಿಗಲ್ಲ, ತನಗೇ ಬೇಕು ಎಂದಳು. ಆದರೆ ಮನೆಯವರಿಗೆ ಒಂದು ಮಾತು ಕೊಟ್ಟಳು: ಪ್ರವೇಶ ಪರೀಕ್ಷೆ ಇದೊಂದೇ ಸಲ. ಸೀಟು ಸಿಗದಿದ್ದರೆ ಮತ್ತೆ ಆ ಸುದ್ದಿ ಎತ್ತುವುದಿಲ್ಲ.

ಹಾಗೆ ಆಕೆ ಶಿರಸಿಗೆ ಬಂದು ಕಮಲಾಕರ ಮಾಸ್ತರರ ಕೋಚಿಂಗ್ ಕ್ಲಾಸು ಸೇರಿದ್ದು. ಮಾಸ್ತರರು ಮಂಚಿಕೇರಿ ಕಡೆಯವರು. ಸೀಮೆಸುಣ್ಣದ ಪುಡಿಯಲ್ಲೇ ಹುಟ್ಟಿದವರೇನೋ ಎನ್ನುವಂತೆ ಅಂಗಿಯ ತೋಳು ಯಾವಾಗಲೂ ಬೆಳ್ಳಗೆ. ಕ್ಲಾಸಿನಲ್ಲಿ ಉಳಿದವರೆಲ್ಲ ಎಳೆಯರು. ಮೊದಲ ವಾರ ಅವರು ಆಕೆಯನ್ನು ಯಾರದೋ ತಾಯಿ ಎಂದುಕೊಂಡು ಎದ್ದು ನಿಲ್ಲುತ್ತಿದ್ದರು. ಎರಡನೇ ವಾರಕ್ಕೆ ಗಂಗಕ್ಕ ಎಂದರು, ಅಲ್ಲಿಂದ ಮುಂದೆ ಆಕೆ ತರುವ ಅನಾನಸ್ ಹೋಳುಗಳಿಗೆ ಕಾದು ಕೂರತೊಡಗಿದರು.

ಇಂಗ್ಲಿಷು ಹೇಗೋ ಸಾಗಿತು. ತರ್ಕದ ಪ್ರಶ್ನೆಗಳನ್ನಂತೂ ಗಂಗಾಂಬಿಕಾ ಹಲಸಿನ ತೊಳೆ ಬಿಡಿಸಿದಂತೆ ಬಿಡಿಸಿಬಿಡುತ್ತಿದ್ದಳು. ಎಡವಿದ್ದು ಲಾಭ ನಷ್ಟದ ಲೆಕ್ಕದಲ್ಲಿ. ವ್ಯಾಪಾರದ ಮನೆಯವಳು ವ್ಯಾಪಾರದ ಲೆಕ್ಕದಲ್ಲೇ ಎಡವಿದಳೆಂದರೆ ಯಾರಿಗೆ ನಗು ಬರುವುದಿಲ್ಲ! ಒಂದು ದಿನ ಮಾಸ್ತರರು ಆಕೆಗೆಂದೇ ಹಣ್ಣಿನ ಲೆಕ್ಕ ಕೊಟ್ಟರು. ಒಬ್ಬ ವ್ಯಾಪಾರಿ ಅರವತ್ತೈದು ಹಣ್ಣನ್ನು ತಲಾ ಇಪ್ಪತ್ನಾಲ್ಕು ರೂಪಾಯಿಗೆ ಕೊಂಡ. ಶೇಕಡಾ ಇಪ್ಪತ್ತೈದು ಲಾಭ ಬೇಕಾದರೆ ಒಂದೊಂದನ್ನು ಎಷ್ಟಕ್ಕೆ ಮಾರಬೇಕು? ಬೆಲೆಯನ್ನು ಎಕ್ಸ್ ಎಂದಿಟ್ಟುಕೊಳ್ಳಿ, ಅರವತ್ತೈದು ಎಕ್ಸ್ ಎಂದರೆ ಸಾವಿರದ ಒಂಬೈನೂರ ಐವತ್ತು. ಎಳೆಯರೆಲ್ಲ ಮೂವತ್ತು ಎಂದು ಕೂಗಿದರು. ಗಂಗಾಂಬಿಕಾಳ ಹಾಳೆಯಲ್ಲಿ ಮೂವತ್ತೆರಡೂವರೆ ಇತ್ತು.

ಮಾಸ್ತರರು ಹಾಳೆ ತೆಗೆದುಕೊಂಡು ನೋಡಿದರು. ಗುಣಾಕಾರ ಸರಿ, ಭಾಗಾಕಾರ ಸರಿ. ಆದರೆ ಅರವತ್ತೈದು ಎಕ್ಸ್ ಇರಬೇಕಾದಲ್ಲಿ ಅರವತ್ತು ಎಕ್ಸ್ ಇತ್ತು. ಉಳಿದ ಐದು ಹಣ್ಣು ಎಲ್ಲಿ ಹೋಯಿತು ಎಂದು ಕೇಳಿದರು.

“ಕೊಸರಿಗೆ ಹೋತ್ರೀ ಸರ್,” ಎಂದಳು ಗಂಗಾಂಬಿಕಾ. “ಡಜನ್ನಿಗೆ ಒಂದು ಕೊಸರು ಹಾಕಬೇಕಲ್ರೀ. ಎಲ್ಲಾ ಹಣ್ಣೂ ರೊಕ್ಕಕ್ಕ ಮಾರಿದ್ರ ನಾಳೆ ಅವನ ಅಂಗಡಿಗೆ ಯಾರು ಬರ್ತಾರ್ರೀ?”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ನಕ್ಕರು. ಅನ್ನಪೂರ್ಣವ್ವನ ಅಂಗಡಿಯಲ್ಲಿ ಹನ್ನೆರಡು ಹಣ್ಣಿಗೆ ದುಡ್ಡು ಕೊಟ್ಟವರಿಗೆ ಹದಿಮೂರನೆಯದು ಪುಕ್ಕಟೆ ಬೀಳುತ್ತಿತ್ತು. ಅದನ್ನು ಗಿರಾಕಿ ಕೇಳಬೇಕಿರಲಿಲ್ಲ. ಕೇಳಿ ಕೊಟ್ಟರೆ ಅದು ಕೊಸರೇ ಅಲ್ಲ ಎಂಬುದು ಮುದುಕಿಯ ಕಾಯಿದೆ. ಆ ಕೈಯ ಕೆಳಗೆ ಪಳಗಿದ ಸೊಸೆಗೆ, ಕೊಸರು ಕಳೆಯದೆ ಲಾಭ ಹೇಳು ಎಂದರೆ ನಾಲಿಗೆಯೇ ಹೊರಳುತ್ತಿರಲಿಲ್ಲ.

“ಗಂಗಕ್ಕ, ಪರೀಕ್ಷೆಯ ವ್ಯಾಪಾರಿ ಮಹಾ ಜಿಪುಣ ಮಾರಾಯ್ರೆ,” ಎಂದರು ಮಾಸ್ತರರು. “ಅವ ಹೇಳಿದ್ದನ್ನು ಮಾತ್ರ ಕೊಡ್ತಾನೆ. ನೀವು ನಿಮ್ಮ ಕೈಯಿಂದ ಎಂತದೂ ಹಾಕೂಕೆ ಹೋಗಬೇಡಿ.”

ಹೇಳುವುದು ಸುಲಭ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅಂಗಡಿಯಲ್ಲಿ ಕಲಿತ ಗುಣ ಅದಕ್ಕಿಂತ ಗಟ್ಟಿ. ಸಕ್ಕರೆಯ ಲೆಕ್ಕ ಬಂದರೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದಳು, ಬಟ್ಟೆಯ ಲೆಕ್ಕ ಬಂದರೆ ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಿದ್ದಳು. ಕೊನೆಗೆ ಒಂದು ಉಪಾಯ ಮಾಡಿದಳು. ಲೆಕ್ಕ ಓದುವ ಮೊದಲು ಎಡಗೈಯನ್ನು ತೊಡೆಯ ಕೆಳಗಿಟ್ಟು ಕೂರುವುದು. ಕೊಸರು ಹಾಕುತ್ತಿದ್ದುದು ಎಡಗೈಯಿಂದಲೇ. ಕೈ ಕಟ್ಟಿಹಾಕಿದ ಮೇಲೆ ಉತ್ತರಗಳು ಒಂದೊಂದಾಗಿ ನಾಲ್ಕು ಆಯ್ಕೆಯ ಒಳಗೆ ಬರತೊಡಗಿದವು. ಆಕೆಗೆ ಖುಷಿಯಾಯಿತು, ಒಳಗೊಳಗೆ ಗಿರಾಕಿಗೆ ಮೋಸ ಮಾಡಿದಷ್ಟು ಸಂಕಟವೂ ಆಯಿತು.

ಪರೀಕ್ಷೆಯ ದಿನ ಎಡಗೈ ತೊಡೆಯ ಕೆಳಗೇ ಇತ್ತು. ಸರಸರ ಸಾಗುತ್ತಿದ್ದವಳು ಪೆನ್ನಿನ ಲೆಕ್ಕವೊಂದಕ್ಕೆ ಬಂದಳು. ಒಂದು ಪೆನ್ನಿನ ಅಸಲು ಹದಿನೈದು ರೂಪಾಯಿ, ಲಾಭ ಶೇಕಡಾ ಇಪ್ಪತ್ತು. ಮಾರುವ ಬೆಲೆ ಹದಿನೆಂಟು. ಆಯ್ಕೆಗಳಲ್ಲಿ ಹದಿನೆಂಟು ಜಾಣನ ಹಾಗೆ ಕೂತಿತ್ತು. ವೃತ್ತಕ್ಕೆ ಮಸಿ ತುಂಬಲು ಪೆನ್ನು ಊರಬೇಕು, ಅಷ್ಟರಲ್ಲಿ ಪ್ರಶ್ನೆಯ ನಡುವಿನ ಮಾತೊಂದು ಕಣ್ಣಿಗೆ ಚುಚ್ಚಿತು. ಒಂಬತ್ತು ಪೆನ್ನು ಕೊಂಡವರಿಗೆ ಒಂದು ಪೆನ್ನು ಉಚಿತ.

ಗಂಗಾಂಬಿಕಾಗೆ ತನ್ನ ಮೇಲೆಯೇ ಗುಮಾನಿ ಬಂತು. ಇದು ಅಲ್ಲಿ ಬರೆದಿದೆಯೋ, ತನ್ನ ತಲೆಯೇ ಹಾಕಿದ್ದೋ? ಇಷ್ಟು ದಿನ ಗುದ್ದಾಡಿ ಹೊರಗೆ ಹಾಕಿದ ಕೊಸರು ಹಿಂದಿನ ಬಾಗಿಲಿಂದ ಒಳಗೆ ಬಂತೇ? ಕಣ್ಣು ಮುಚ್ಚಿ ತೆರೆದಳು. ಮಾತು ಅಲ್ಲೇ ಇತ್ತು. ಬೆರಳಿಂದ ಅದನ್ನು ಮುಚ್ಚಿ ಓದಿದಳು, ಬೆರಳು ತೆಗೆದು ಓದಿದಳು. ಬಿಸಿಲಿಗೆ ಒಣಗಿದ ಗಂಟಲಿಗೆ ನೀರು ಬಿದ್ದ ಹಾಗಾಯಿತು. ಅಷ್ಟು ಜಿಪುಣ ವ್ಯಾಪಾರಿಗಳ ನಡುವೆ ಒಬ್ಬ ಅತ್ತೆಯ ಕಡೆಯವ ಸಿಕ್ಕಿದ್ದ.

ಎಡಗೈ ತಾನಾಗಿ ಹೊರಗೆ ಬಂತು. ಹತ್ತು ಪೆನ್ನಿನ ಅಸಲು ನೂರ ಐವತ್ತು, ಲಾಭ ಸೇರಿ ನೂರ ಎಂಬತ್ತು. ದುಡ್ಡು ಬರುವುದು ಒಂಬತ್ತಕ್ಕೆ ಮಾತ್ರ. ಒಂಬತ್ತು ಎಕ್ಸ್ ಎಂದರೆ ನೂರ ಎಂಬತ್ತು, ಎಕ್ಸ್ ಎಂದರೆ ಇಪ್ಪತ್ತು. ಮಸಿ ತುಂಬುವಾಗ ಆಕೆ ನಗುತ್ತಿದ್ದಳು. ಮೇಲ್ವಿಚಾರಕರು ಅನುಮಾನದಿಂದ ಎರಡು ಸಲ ಹತ್ತಿರ ಬಂದು ನೋಡಿ ಹೋದರು.

ಫಲಿತಾಂಶ ಬಂದದ್ದು ಸಂತೆಯ ದಿನ. ಅಂಗಡಿಯ ಮುಂದೆ ಜನ ತುಂಬಿದ್ದರು. ಮಾಸ್ತರರೇ ಫೋನು ಮಾಡಿ ಸೀಟು ಸಿಕ್ಕಿದೆ ಎಂದರು. ಗಂಗಾಂಬಿಕಾ ಫೋನು ಕಿವಿಗಿಟ್ಟುಕೊಂಡೇ ಅಲ್ಲಿದ್ದ ಬುಟ್ಟಿಯ ಮೇಲೆ ಕೂತುಬಿಟ್ಟಳು. ಎದುರಿಗಿದ್ದ ಗಿರಾಕಿಯ ಚೀಲಕ್ಕೆ ಹನ್ನೆರಡು ಹಣ್ಣು ಹಾಕಿಯಾಗಿತ್ತು. ಹದಿಮೂರನೆಯದು ಆಕೆಯ ಮಡಿಲಲ್ಲೇ ಉಳಿದಿತ್ತು. ಅನ್ನಪೂರ್ಣವ್ವ ಸೊಸೆಯ ಮುಖ ನೋಡಿದಳು, ಕೇಳುವುದಕ್ಕೇನೂ ಉಳಿದಿರಲಿಲ್ಲ. ಮಡಿಲಿಂದ ಆ ಹಣ್ಣನ್ನು ಎತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ರಾಶಿಯಲ್ಲಿ ಹುಡುಕಿ, ಎಲ್ಲಕ್ಕಿಂತ ದೊಡ್ಡದೊಂದು ಹಣ್ಣನ್ನು ತೆಗೆದು ಅದರ ಮೇಲಿಟ್ಟಳು.

ಒಂದು ಹಣ್ಣು ಹೆಚ್ಚಾಯಿತಲ್ಲ ಎಂದು ಗಿರಾಕಿಯೇ ಹೇಳಿದ.

“ಕೊಸರು ಆಗಲೇ ಹಾಕೇನಿ,” ಎಂದಳು ಮುದುಕಿ. “ಇದು ನನ್ನ ಸೊಸಿ ಸಾಲಿಗೆ ಹೊಂಟಾಳಲ್ಲ, ಅದರ ಸಿಹಿ.”

ಅಂದು ಸಂಜೆಯವರೆಗೆ ಬಂದವರಿಗೆಲ್ಲ ಹಾಗೇ ಹೋಯಿತು. ಇದರಲ್ಲಿ ಎಕ್ಸ್ ಎಷ್ಟಾಯಿತು ಎಂದು ಗಂಗಾಂಬಿಕಾ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಲೆಕ್ಕ ಬಿಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎರಡೂ ಕೈಯಿಂದ ಹಣ್ಣು ಕೊಡತೊಡಗಿದಳು.