ಕರುಳು ಗಂಟು ಹಾಕಿಕೊಂಡಿತ್ತು ಎಂದಿದ್ದೆ

ನನ್ನ ತಮ್ಮ ಶಿವಣ್ಣನನ್ನು ಉಳಿಸಬಹುದಾಗಿದ್ದ ಒಂದು ಮಾತು ವರ್ಷಗಟ್ಟಲೆ ನನ್ನ ಬಾಯಲ್ಲೇ ಇತ್ತು — ನಾನು ಅದನ್ನು ಆಡಲಿಲ್ಲ.

ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, ಊರಲ್ಲಿ ಎಲ್ಲರಿಗೂ "ಕರುಳು ಗಂಟು ಹಾಕಿಕೊಂಡಿತ್ತು" ಎಂದೆ. ಗೆಡ್ಡೆಯನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಿದ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು — ಜೀವಕೋಶ ಎರಡಾಗುವಾಗ ವಂಶವಾಹಿಯ ನಕಲಿನಲ್ಲಿ ತಪ್ಪುಗಳು ಆಗುತ್ತವೆ. ಆ ತಪ್ಪು ತಿದ್ದುವ ವಂಶವಾಹಿಯೇ ನನ್ನಲ್ಲಿ ಹುಟ್ಟಿನಿಂದ ಕೆಟ್ಟಿದೆ. ತಿದ್ದದೆ ಉಳಿದವು ಸೇರಿ ಸೇರಿ ಹೀಗಾಗಿದೆ.

"ಒಡಹುಟ್ಟಿದವರಿಗೂ ಇರಬಹುದಮ್ಮ. ನಿಮ್ಮ ತಮ್ಮನಿಗೆ ಹೇಳಿ, ಕೊಳವೆ ಹಾಕಿ ಕರುಳು ನೋಡಿಸಿಕೊಳ್ಳಲಿ. ಮೊದಲೇ ಸಿಕ್ಕರೆ ಉಳಿಸಬಹುದು."

ಮದ್ದೂರಿನ ಹೈಸ್ಕೂಲಿನಲ್ಲಿ ನಾನು ಹೇಳಿಕೊಡುವುದೇ ವಿಜ್ಞಾನ. ಅರ್ಥವಾಗಲಿಲ್ಲ ಎನ್ನಲಾರೆ. ಆದರೆ ಆಗ ನನ್ನ ಮಗಳಿಗೆ ಭಾರತೀನಗರದ ಸಂಬಂಧ ಕೂಡಿಬಂದಿತ್ತು. ರಕ್ತದಲ್ಲೇ ರೋಗವಿರುವ ಮನೆ ಅಂದುಬಿಟ್ಟರೆ — ಮದುವೆ ಮುಗಿಯಲಿ ಎಂದುಕೊಂಡೆ. ಆಮೇಲೆ, ಬಾಣಂತನ ಮುಗಿಯಲಿ...

ಒಮ್ಮೆ ತವರೂರು ಕೊತ್ತತ್ತಿಗೆ ಹೋದಾಗ ಶಿವಣ್ಣ ಕಬ್ಬಿನ ಗದ್ದೆಯಿಂದ ಬಂದು ಜಗಲಿಯ ಮೇಲೆ ಕೂತ. ಸೊರಗಿದ್ದ. "ಹಿಂದ್ಗಡೆ ರಕ್ತ ಓಯ್ತದೆ ಕಣಕ್ಕ. ಮೂಲವ್ಯಾಧಿ, ಬುಡು. ನಾಟಿ ಔಸ್ತಿ ತಕ್ಕಂತಾ ಇವ್ನಿ."

ಆಗಲಾದರೂ — ಇಲ್ಲ. ಖಾರ ಕಮ್ಮಿ ಮಾಡು ಎಂದು ಹೇಳಿ ಬಸ್ಸು ಹತ್ತಿದೆ.

ಗೊತ್ತಾಗುವ ಹೊತ್ತಿಗೆ ಲಿವರಿಗೂ ಹರಡಿತ್ತು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಎಲ್ಲ ಹೇಳಿದೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

ಅವನು ಬಯ್ಯಲಿಲ್ಲ. "ನನ್ ಮಗಳ್ಗಾದ್ರೂ ಯೋಳು" ಎಂದು ಗೋಡೆಯ ಕಡೆ ತಿರುಗಿಕೊಂಡ. ಸಾಯುವವರೆಗೂ ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಅವನ ಮಗಳು ಪವಿತ್ರಳನ್ನು ನಾನೇ ಪರೀಕ್ಷೆಗೆ ಕರೆದುಕೊಂಡು ಹೋದೆ. ಅವಳಿಗೂ ಈ ಕೆಟ್ಟ ವಂಶವಾಹಿ ಬಂದಿದೆ. ಕರುಳಿನಲ್ಲಿ ಆಗಷ್ಟೇ ಎದ್ದಿದ್ದ ಸಣ್ಣ ಗುಳ್ಳೆಗಳನ್ನು ಕೊಳವೆಯಿಂದಲೇ ತೆಗೆದರು, ಚೆನ್ನಾಗಿದ್ದಾಳೆ. ನನ್ನ ಮಗಳಿಗೆ — ಯಾರಿಗಾಗಿ ಮುಚ್ಚಿಟ್ಟೆನೋ ಅವಳಿಗೆ — ಇದು ಬಂದೇ ಇಲ್ಲ.

ನಮ್ಮಪ್ಪನೂ ಕರುಳಿನ ಕಾಯಿಲೆಯಿಂದಲೇ ಹೋದವರು; ಇದು ಅಪ್ಪನ ಕಡೆಯಿಂದಲೇ ಬಂದಿರಬೇಕು. ಅದಕ್ಕೇ ಕಳೆದ ಭಾನುವಾರ ಮಳವಳ್ಳಿಗೆ, ಚಿಕ್ಕಪ್ಪನ ಮಗನ ಮನೆಗೆ ಹೋಗಿ, ನೀನೂ ಪರೀಕ್ಷೆ ಮಾಡಿಸಿಕೋ ಎಂದೆ. "ಕಲ್ಲಿದ್ದಂಗಿವ್ನಿ ನಾನು. ಮನೆಗ್ ಬಂದು ಅಪಸಕುನ ನುಡೀತೀಯಲ್ಲಕ್ಕ, ಎದ್ದೋಗು" ಎಂದ. ಅವನ ಹೆಂಡತಿಯ ಎದುರೇ, ಶಿವಣ್ಣನಿಗೆ ನಾನು ಮಾಡಿದ್ದನ್ನು ಹೇಳಲು ಬಾಯಿ ತೆರೆದೆ. ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಈ ಭಾನುವಾರ ಮತ್ತೆ ಹೋಗುತ್ತೇನೆ. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ. ಬೀದಿಯೆಲ್ಲ ಕೇಳಿಸಿಕೊಳ್ಳಲಿ.