ಫೋಟೋದಲ್ಲಿ ಕಾಣದ ಕಲೆ

ಹೊಸಕೋಟೆ ಬಸ್ ನಿಲ್ದಾಣದ ಎದುರು, ಬೇಕರಿಯೊಂದರ ಮಹಡಿಯ ಮೇಲೆ ವಧೂವರರ ಕೇಂದ್ರವಿತ್ತು. ಅವರ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಆಗ ನನಗೆ ಮೂವತ್ತೆಂಟು, ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಒಂದು ರೂಮು ಬಾಡಿಗೆ ಹಿಡಿದು ಒಬ್ಬಳೇ ಇದ್ದೆ. ಕೇಂದ್ರ ನಡೆಸುವವರು ಸಂಬಂಧ ಹುಡುಕುತ್ತ ಹಳ್ಳಿ ಸುತ್ತುತ್ತಿದ್ದರು. ಎಷ್ಟೋ ದಿನ, ಬೆಳಗ್ಗೆ ಬೇಕರಿಯವನಿಗೆ "ಒಂದು ಬನ್ನು" ಅಂದದ್ದು ಬಿಟ್ಟರೆ ಸಂಜೆಯವರೆಗೆ ನಾನು ಮಾತಾಡಿದ್ದೇ ಇರುತ್ತಿರಲಿಲ್ಲ.

ಒಂದು ದಿನ ಕೇಂದ್ರದವರು ಬಂದು, "ಪೇಜು ತೆರ್ಕೊಳ್ಳೋದೇ ಇಲ್ಲ ಕಣಮ್ಮ. ಹಳ್ಳಿ ಕಡೆ ನೆಟ್‌ವರ್ಕ್ ಗೊತ್ತಲ್ಲ. ಮುಖ ಬರೋಷ್ಟ್ರಲ್ಲಿ ಜನ ಫೋನ್ ಕೆಳಗಿಟ್ಟಿರ್ತಾರೆ" ಎಂದರು.

ತೊಂದರೆ ಇದ್ದದ್ದು ಫೋಟೋಗಳಲ್ಲಿ. ಜನ ಮೊಬೈಲಿನಲ್ಲಿ ತೆಗೆದದ್ದನ್ನು ಹಾಗೇ ಕಳಿಸುತ್ತಿದ್ದರು, ಒಂದೊಂದೂ ನಾಲ್ಕೈದು ಎಂಬಿ. ಅಷ್ಟನ್ನೂ ಒಟ್ಟಿಗೆ ಸಾಫ್ಟ್‌ವೇರಿಗೆ ಹಾಕಿ, ಅಳತೆ ಕುಗ್ಗಿಸಿ, ಗುಣಮಟ್ಟವನ್ನೂ ತೀರಾ ಕೆಳಕ್ಕೆ ಇಳಿಸಿದೆ. ಪೇಜು ತಟ್ಟನೆ ತೆರೆದುಕೊಂಡಿತು. ಒಂದೊಂದನ್ನೂ ತೆರೆದು ನೋಡುವ ಗೋಜಿಗೆ ಹೋಗಲಿಲ್ಲ.

ಕೆಲವು ವಾರ ಕಳೆದು, ಸಮೇತನಹಳ್ಳಿಯಿಂದ ಒಬ್ಬ ತಾಯಿ ಮಗಳ ಜೊತೆ ಮೆಟ್ಟಿಲು ಹತ್ತಿ ಬಂದರು. ಮಗಳ ಎಡಗೆನ್ನೆಯ ಮೇಲೆ ತೆಳುವಾದ ಸುಟ್ಟ ಕಲೆ. ತಾಯಿ ಫೋನನ್ನು ನನ್ನ ಮುಂದಿಟ್ಟರು. ನಮ್ಮ ಪೇಜಿನಲ್ಲಿ ಅದೇ ಹುಡುಗಿಯ ಕೆನ್ನೆ ನುಣ್ಣಗಿತ್ತು.

"ಗಂಡಿನ ಕಡೆಯೋರು ಮನೇಗೆ ಬಂದಿದ್ರು. ಫೋಟೋದಲ್ಲಿ ಕಲೆ ಮುಚ್ಚಿಟ್ಟಿದ್ದೀರ ಅಂದ್ಬಿಟ್ಟು ಕಾಫೀನೂ ಕುಡೀದೆ ಎದ್ದೋದ್ರು. ನಾವು ಇರೋ ಫೋಟೋನೇ ಕೊಟ್ಟಿದ್ವಿ ತಾಯಿ."

ಮಗಳು ಮೊದಲ ಸಲ ಬಾಯಿಬಿಟ್ಟಳು. "ಅಳ್ಸಿದ್ದು ನೀವಾ ಅಕ್ಕ?"

"ಬೇಕೂಂತ ಅಳ್ಸಿಲ್ಲಮ್ಮ. ಬೇಗ ಬರ್ಲಿ ಅಂತ ಚಿಕ್ಕದು ಮಾಡ್ದೆ. ಜಾಸ್ತಿ ಕುಗ್ಸಿದ್ರೆ ಸಣ್ಣಪುಟ್ಟದ್ದೆಲ್ಲ ಹೊರಟೋಗುತ್ತೆ. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪಾಯ್ತು."

"ಈಗ ಸರಿಯಾಗುತ್ತಾ?"

ಮೊದಲಿನ ಫೋಟೋ ಅವಳ ಫೋನಿನಲ್ಲಿತ್ತು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಹಿಂದೆ ಕಾಣುತ್ತಿದ್ದ ಕಾಂಪೌಂಡು, ನೀರಿನ ಡ್ರಮ್ಮು ಎಲ್ಲ ಕತ್ತರಿಸಿ ಮುಖವನ್ನಷ್ಟೇ ಉಳಿಸಿದೆ. ಆಮೇಲೆ ಗುಣಮಟ್ಟವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಪ್ರತಿ ಸಲವೂ ಅವಳನ್ನು ಕೇಳಿದೆ. ಒಂದು ಕಡೆ ಅವಳು, "ಸಾಕಕ್ಕ, ಇಲ್ಲಿಗೆ ನಿಲ್ಸಿ" ಎಂದಳು. ಕಲೆ ಕಾಣುತ್ತಿತ್ತು, ಫೋಟೋ ಹಗುರವೂ ಆಗಿತ್ತು. ತಾಯಿ ತಮ್ಮ ಫೋನಿನಲ್ಲಿ ತೆರೆದು ನೋಡಿ ತಲೆಯಾಡಿಸಿದರು.

"ಟೀ ತರಿಸ್ತೀನಿ, ಕೂತ್ಕೊಳ್ಳಿ" ಎಂದೆ. ಅವರು ಇನ್ನಷ್ಟು ಹೊತ್ತು ಇರಲಿ ಎಂದು ನನಗೆ ತುಂಬಾ ಆಸೆಯಾಗಿತ್ತು.

"ಬಸ್ಸು ಹೊರಟೋಗುತ್ತೆ ತಾಯಿ, ಬರ್ತೀವಿ."

ಕಿಟಕಿಯಿಂದ ನೋಡಿದೆ. ರಸ್ತೆ ದಾಟುವಾಗ ಮಗಳು ತಾಯಿಯ ಕೈ ಹಿಡಿದುಕೊಂಡಳು. ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು.

ಉಳಿದ ಫೋಟೋಗಳನ್ನೆಲ್ಲ ಮತ್ತೆ ಒಂದೊಂದಾಗಿ ಮಾಡಿದೆ. ಒಂದು ತಿಂಗಳು ಹಿಡಿಯಿತು. ಯಾರಿಗೆ ಎಲ್ಲಿ ಮಚ್ಚೆ, ಯಾರ ಹಲ್ಲು ಓರೆ, ಯಾರು ನಗಲು ಹಿಂಜರಿದಿದ್ದಾರೆ ಎಲ್ಲ ಗೊತ್ತಾಗಿಹೋಯಿತು. ಬಸ್ ನಿಲ್ದಾಣದಲ್ಲಿ ಅವರಲ್ಲಿ ಒಬ್ಬರನ್ನು ಕಂಡು ನಾನು ನಕ್ಕಾಗ, ಅವರು ಗುರುತು ಸಿಗದೆ ಮುಖ ತಿರುಗಿಸಿದರು.

ವರ್ಷದ ಕೊನೆಗೆ ಕೇಂದ್ರದವರು, "ಸಮೇತನಹಳ್ಳಿ ಹುಡ್ಗೀಗೆ ಮದ್ವೆ ಗೊತ್ತಾಯ್ತು, ಫೋಟೋ ತೆಗ್ದುಬಿಡಮ್ಮ" ಎಂದರು.

"ಹುಡುಗ ಹೇಗೆ?"

"ಒಳ್ಳೇವ್ನು. ಫೋಟೋ ನೋಡ್ಕೊಂಡೇ ಬಂದಿದ್ದ."

ತೆಗೆದೆ. ಅವಳ ನಂಬರು ಪಟ್ಟಿಯಲ್ಲಿತ್ತು. ಶುಭ ಹಾರೈಸೋಣವೆಂದು ಎರಡು ಸಲ ಫೋನು ಕೈಗೆತ್ತಿಕೊಂಡೆ. ಯಾರು ಎಂದು ಕೇಳಿದರೆ ಏನು ಹೇಳುವುದೋ ತೋಚದೆ ಇಟ್ಟುಬಿಟ್ಟೆ.