ಸಿಂಹ ಹೊಲಿದವಳು

ಮಹಾನಂದಾ ಯಾದಗಿರಿ ಕಡೆಯವಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ವಾರವೆಲ್ಲ ಮಷೀನಿನ ಮೇಲೆ ಬಗ್ಗಿಸಿದ ತಲೆಯನ್ನು ಅವಳು ಎತ್ತುವುದು ಭಾನುವಾರ, ಬೇಗೂರಿನ ಆಚೆಯ ಮೈದಾನದ ಸಿಮೆಂಟ್ ಮೆಟ್ಟಿಲ ಮೇಲೆ. ಕೆರೆಕೋಡಿ ಫುಟ್‌ಬಾಲ್ ಕ್ಲಬ್ಬಿನ ಆಟವಿದ್ದ ದಿನ ಸೀರೆಯ ಮೇಲೆಯೇ ಕೆಂಪು ಜೆರ್ಸಿ ತೊಟ್ಟು ಹೋಗುತ್ತಾಳೆ. ಎದೆಯ ಮೇಲೆ ಒಂಟಿಕಾಲಲ್ಲಿ ನಿಂತ ಬಿಳಿ ಕೊಕ್ಕರೆ.

"ಬಂದ್ಲು ನೋಡ್ರಪ್ಪಾ ನಮ್ ನಂದಕ್ಕ! ಇವತ್ತು ರೆಫ್ರಿ ಕತೆ ಮುಗೀತು!" ಎಂದು ಮುನಿರಾಜು ದೂರದಿಂದಲೇ ಕೂಗುತ್ತಿದ್ದ. ಅಲ್ಲೇ ಹುಟ್ಟಿ ಬೆಳೆದವನು ಅವನು. ಈಗ ಕೆರೆ ಮುಚ್ಚಿ ಎಬ್ಬಿಸಿದ ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ. ಗುರುತುಪರಿಚಯವಿಲ್ಲದ ಈ ಊರಿನಲ್ಲಿ ಮಹಾನಂದಾಳಿಗೆ ತವರಿನಂಥದ್ದು ಏನಾದರೂ ಇದ್ದರೆ ಆ ಕೂಗೇ.

ಈ ಸಲ ಕ್ಲಬ್ಬು ಹೊಸ ಮಾಲೀಕರ ಕೈಗೆ ಹೋಯಿತು. ಕೆಂಪು ಹೋಗಿ ಕಪ್ಪು, ಕೊಕ್ಕರೆ ಹೋಗಿ ಕಿರೀಟದ ಸಿಂಹ ಬರಬೇಕೆಂದು ಅವರ ಆಸೆ. ಆದರೂ ಅಭಿಮಾನಿಗಳೇ ತೀರ್ಮಾನಿಸಲಿ ಎಂದು ಮೊಬೈಲಿನಲ್ಲಿ ಓಟಿಗೆ ಬಿಟ್ಟರು. ಮೆಟ್ಟಿಲ ಮೇಲೆ ಜಗಳವೋ ಜಗಳ.

"ಕೊಕ್ಕರೆ ನೋಡಿ ಯಾವನ್ ಹೆದರ್ತಾನೆ ಮಚ್ಚಾ? ಸಿಂಹ ಅಂದ್ರೆ ಗತ್ತೇ ಬೇರೆ," ಎಂದ ಕಾಲೇಜು ಓದುವ ಸಿದ್ಧಾರ್ಥ್.

"ಬೇಗೂರಲ್ಲಿ ಸಿಂಹ ಎಲ್ ನೋಡಿದ್ಯೋ? ಬನ್ನೇರುಘಟ್ಟಕ್ಕೋಗಿ ಟಿಕೆಟ್ ತಗೋ," ಎಂದ ಮುನಿರಾಜು. "ನಮ್ಮಪ್ಪನ ಕಾಲ್ದಲ್ಲಿ ಕೆರೆ ತುಂಬಾ ಕೊಕ್ಕರೆ ಕಣೋ. ಕೆರೆನೂ ಮುಚ್ಚಿದ್ರು. ಎದೆ ಮೇಲಿರೋದ್ನಾದ್ರೂ ಬಿಡ್ರೋ."

"ನಾ ಕೊಕ್ಕರಿಗೇ ಒತ್ತೀನ್ರಿ ಅಣ್ಣಾ," ಎಂದಳು ಮಹಾನಂದಾ. "ನಮ್ಮ ಗಾರ್ಮೆಂಟ್ಸ್ ಲೈನಿನಾಗಿನ ಹೆಣ್ಮಕ್ಕಳ ಕಡಿಂದನೂ ಒತ್ತಿಸ್ತೀನಿ."

ಒತ್ತಿಸಿದಳು ಕೂಡ. ಓಟು ಮುಗಿಯಲು ಇನ್ನೂ ವಾರವಿತ್ತು.

ಅಷ್ಟರಲ್ಲಿ ಅವಳ ಮಷೀನಿಗೆ ಒಂದು ಬಂಡಲ್ ಬಂತು. ಬಿಚ್ಚಿದರೆ ಕಪ್ಪು ಜೆರ್ಸಿಗಳು, ಜೊತೆಗೆ ಕಿರೀಟದ ಸಿಂಹದ ಬ್ಯಾಡ್ಜುಗಳು. ಎದೆಗೆ ಬ್ಯಾಡ್ಜ್ ಕೂರಿಸುವುದು ಅವಳ ಕೆಲಸ. ಹಿಂದೆ ಇನ್ನೂ ರಾಶಿ ಬಂಡಲ್. ಓಟು ಹಾಕಿದ ಬೆರಳಿಂದಲೇ ಆ ಓಟನ್ನು ಹೂಳಬೇಕಾಯಿತು. ಸೊಟ್ಟ ಹೊಲಿದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಸೊಟ್ಟ ಹೋದದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾದವಳು ಪಕ್ಕದ ಮಷೀನಿನ ವೇಣಿ. ಬೈಗುಳ ತಿನ್ನುವವಳೂ ಅವಳೇ. ಮಹಾನಂದಾ ನೆಟ್ಟಗೇ ಹೊಲಿದಳು.

"ಹೊರಗೆಲ್ಲಾದ್ರೂ ಬಾಯ್ ಬಿಟ್ಟೀಯಾ ಅಕ್ಕ, ಹುಷಾರು," ಎಂದಳು ವೇಣಿ. "ಆರ್ಡರ್ ಕೊಟ್ಟ ಪಾರ್ಟಿ ಮಾಲಿನ ವಿಷ್ಯ ಆಚೆ ಹೋದ್ರೆ ಗೇಟಿಂದಾನೇ ಕಳಿಸ್ತಾರೆ."

ಭಾನುವಾರ ಕ್ಲಬ್ಬಿನವನೊಬ್ಬ ಮೈದಾನಕ್ಕೆ ಬಂದು ಮೈಕು ಹಿಡಿದ. "ಓಟಿಂಗ್ ಇನ್ನೂ ನಡೀತಿದೆ. ನಿಮ್ಮ ಮಾತೇ ನಮ್ಮ ಕ್ಲಬ್!" ಚಪ್ಪಾಳೆ ಬಿತ್ತು. ಮುನಿರಾಜು ಶಿಳ್ಳೆ ಹೊಡೆದ. ಮಹಾನಂದಾಳಿಗೆ ತಡೆಯಲಾಗಲಿಲ್ಲ.

"ಎದಕ್ಕ ಸುಳ್ಳು ಹೇಳ್ತೀರಿ ಸಾಹೇಬ್ರ? ಸಿಂಹ ಆಗ್ಲೇ ಕೂತದ. ನಾನೇ ಹೊಲ್ದೀನಿ."

"ಅದು ಬರೀ ಸ್ಯಾಂಪಲ್ ಮೇಡಂ."

"ಸ್ಯಾಂಪಲ್ಲು ಒಂದೆರಡು ಇರ್ತಾವ, ಲೈನಿಗೆ ಬರಂಗಿಲ್ರಿ. ಇವು ಬಂಡಲ್ಗಟ್ಲೆ ಬಂದಾವ."

ಮೊದಲು ಬಾಯಿ ತೆರೆದವನು ಮುನಿರಾಜು, ಅದೂ ಅವಳ ಕಡೆ ತಿರುಗಿ. "ನೀನೇ ಹೊಲಿದ್ಯಾ? ನಮ್ ಜೊತೆ ಕೂತ್ಕೊಂಡು? ಕೈ ನಡುಗ್ಲಿಲ್ವಾ ನಿಂಗೆ?"

"ನಡುಗಿತ್ರಿ ಅಣ್ಣಾ. ಆದ್ರೂ ಹೊಲ್ದೆ. ಕೆರಿ ಮುಚ್ಚಿ ಕಟ್ಟಿದವರ ಗೇಟು ದಿನಾ ತೆಗೀತೀರಲ್ಲ, ನಿಮಗ ನಡುಗಂಗಿಲ್ಲೇನು?"

ಮುನಿರಾಜು ಎದ್ದು ದೂರದ ಮೆಟ್ಟಿಲಿಗೆ ಹೋಗಿ ಕೂತ. ಉಳಿದವರು ಅವಳನ್ನೇ ಬೈದರು. ಮೋಸ ಮಾಡಿದವನ ಕೊರಳಪಟ್ಟಿ ಎಟುಕದಿದ್ದಾಗ ಪಕ್ಕದವಳ ಜುಟ್ಟು ಹಿಡಿಯುವುದು ನಮಗೆ ಚೆನ್ನಾಗಿ ಬರುತ್ತದೆ. ಆ ಗದ್ದಲದಲ್ಲಿ ಮೈಕಿನವನು ಮೆಲ್ಲಗೆ ಕಾರು ಹತ್ತಿದ. ಅವನನ್ನು ಯಾರೂ ತಡೆಯಲಿಲ್ಲ.

ಮಾರನೆಯ ದಿನ ಸೂಪರ್‌ವೈಸರ್ ಲೈನಿನ ಎದುರು ನಿಂತ. "ಕ್ಲಬ್ಬಿನವ್ರು ಫೋನ್ ಮಾಡಿದಾರೆ. ಯಾವಳದು ಆಚೆ ಹೇಳಿದ್ದು? ಒಪ್ಕೊಳ್ದಿದ್ರೆ ಎಲ್ರೂ ಮನೆಗ್ ಹೋಗ್ರಿ." ವೇಣಿ ಸೆರಗು ಜಗ್ಗುತ್ತಿದ್ದರೂ ಮಹಾನಂದಾ ಎದ್ದಳು. ಅರ್ಜೆಂಟ್ ಆರ್ಡರ್ ಇದ್ದುದರಿಂದ ಕೆಲಸ ಉಳಿಯಿತು, ಮಷೀನು ಹೋಯಿತು. ದಿನವಿಡೀ ನಿಂತು ಉಳಿದ ದಾರದ ಎಳೆ ಕತ್ತರಿಸುವ ಟೇಬಲ್ಲಿಗೆ ಅವಳನ್ನು ಹಾಕಿದರು. ಟೈಲರ್ ಆಗಿದ್ದವಳು ಹೆಲ್ಪರ್ ಆದಳು. ಅದೇ ಸಿಂಹಗಳು ಅಲ್ಲಿಗೂ ಬಂದವು.

ಮುಂದಿನ ಆಟಕ್ಕೆ ಕೆಂಪು ಜೆರ್ಸಿಯಲ್ಲೇ ಹೋದಳು. ಮುನಿರಾಜು ಕೂಗಲಿಲ್ಲ. ಓಟಿನ ಪುಟ ಮೊಬೈಲಿನಿಂದ ಮಾಯವಾಗಿತ್ತು. ಫಲಿತಾಂಶವನ್ನು ಕ್ಲಬ್ಬು ಹೇಳಲೇ ಇಲ್ಲ.

"ಬಾಯ್ ಮುಚ್ಕೊಂಡಿದ್ರೆ ಆಗ್ತಿತ್ತು," ಎಂದಳು ವೇಣಿ, ಊಟದ ಹೊತ್ತಿನಲ್ಲಿ. "ಇಷ್ಟಕ್ಕೂ ಏನ್ ಸಿಕ್ತು ನಿಂಗೆ?"

ಮಹಾನಂದಾ ರೊಟ್ಟಿ ಮುರಿದಳು. "ಏನೂ ಸಿಗಲಿಲ್ಲವ್ವಾ. ಆದ್ರ 'ನಿಮ್ಮನ್ನ ಕೇಳೇ ಸಿಂಹ ತಂದೀವಿ' ಅನ್ನಾಕ ಆ ಕ್ಲಬ್ಬಿನವರಿಗೂ ಆಗಲಿಲ್ಲ ನೋಡು."